ಹೊಸ ಮಂಡಿಗೆ ಮಾರ್ಕ್ಸ್ ಹಾಕುವವರು ಯಾರು?

1974ರಲ್ಲಿ ನ್ಯೂಯಾರ್ಕ್‌ನ ಸರ್ಜನ್ ಜಾನ್ ಇನ್ಸಾಲ್ ಮತ್ತು ಜೊತೆಗಾರರು ಇಂದಿನ ಕೃತಕ ಮಂಡಿಗಳ ಮೂಲ ಮಾದರಿಯನ್ನು ಅಳವಡಿಸತೊಡಗಿದರು. ಆಗಿನ ದೊಡ್ಡ ಚಿಂತೆ, ಈ ಲೋಹ, ಪ್ಲಾಸ್ಟಿಕ್ ಎಷ್ಟು ವರ್ಷ ಬಾಳುತ್ತದೆ ಅನ್ನೋದು. ದಪ್ಪ ಇರುವವರ ವಿಷಯದಲ್ಲಿ ಅನುಮಾನ ಇನ್ನೂ ಜಾಸ್ತಿ. ಭಾರ ಬಿದ್ದು ಬೇಗ ಸಡಿಲವಾದರೆ?

1989ರಲ್ಲಿ ಆಪರೇಷನ್ ಆದ ಮಂಡಿಗೆ ಅಂಕ ಕೊಡುವ ನೀ (knee, ಅಂದರೆ ಮಂಡಿ) ಸೊಸೈಟಿ ಸ್ಕೋರ್ ಬಂತು. ನೋವೆಷ್ಟಿದೆ, ಮಂಡಿ ಎಷ್ಟು ಡಿಗ್ರಿ ಮಡಚುತ್ತದೆ, ಅಲುಗಾಡುತ್ತದೆಯೇ ಎಂದು ನೋಡಿ ಅಂಕ ಹಾಕುತ್ತಿದ್ದವರು ಡಾಕ್ಟರು. ಆಪರೇಷನ್ ಮಾಡಿದವರೇ ಪೇಪರ್ ತಿದ್ದಿದ ಹಾಗೆ, ಅಲ್ವಾ?

1998ರ ಆಕ್ಸ್‌ಫರ್ಡ್ ನೀ ಸ್ಕೋರ್‌ನಲ್ಲಿ ಪೆನ್ನು ರೋಗಿಯ ಕೈಗೆ ಬಂತು. ಒಟ್ಟು 12 ಪ್ರಶ್ನೆ, ಪೂರ್ಣ ಅಂಕ ಈಗಿನ ಲೆಕ್ಕದಲ್ಲಿ 48. ಕಾರು ಹತ್ತಿ ಇಳಿಯೋಕೆ ಕಷ್ಟವೇ? ಮೆಟ್ಟಿಲು ಇಳಿಯಬಲ್ಲಿರಾ? ಮಂಡಿಯೂರಿ ಮತ್ತೆ ಏಳಬಲ್ಲಿರಾ? ಈ ಕೊನೆಯ ಪ್ರಶ್ನೆ ದಪ್ಪ ಇರುವವರಿಗೆ ತೊಡಕಿನದು. ಒಳಗಿನ ಕೀಲು ಚೆನ್ನಾಗೇ ಇರುತ್ತದೆ. ಆದರೆ ತೊಡೆಯ ಹಿಂಭಾಗ ಮೀನಖಂಡಕ್ಕೆ ತಾಗಿ, ಕಾಲು ಮಡಚುವುದು ಅಲ್ಲಿಗೇ ನಿಲ್ಲುತ್ತದೆ. ಅಂಕ ಹೋಯಿತು, ತಪ್ಪು ಮಂಡಿಯದ್ದಲ್ಲ.

ಅಂಕ ಓದುವುದರಲ್ಲೂ ಒಂದು ಮರ್ಮ ಇದೆ. ಆಪರೇಷನ್ ಆದ ಮೇಲೆ ಒಬ್ಬರು 14ರಿಂದ 31ಕ್ಕೆ ಬಂದರು, ಇನ್ನೊಬ್ಬರು 20ರಿಂದ 37ಕ್ಕೆ ಅಂದುಕೊಳ್ಳಿ. ಕೊನೆಯ ಅಂಕ ಮಾತ್ರ ನೋಡಿದರೆ ಎರಡನೆಯವರೇ ಗೆದ್ದರು. ಆದರೆ ಇಬ್ಬರೂ ಏರಿದ್ದು 17. ಹಲವು ಅಧ್ಯಯನಗಳಲ್ಲಿ ಕಂಡದ್ದು ಹೆಚ್ಚುಕಮ್ಮಿ ಇದೇ ಚಿತ್ರ: ಬೊಜ್ಜು ಇರುವವರು ಜಾಸ್ತಿ ನೋವಿನಿಂದ ಶುರುಮಾಡುತ್ತಾರೆ, ಕೊನೆಗೆ ಸ್ವಲ್ಪ ಕೆಳಗೇ ಉಳಿಯುತ್ತಾರೆ, ಆದರೆ ಸುಧಾರಣೆ ಬೇರೆಯವರಷ್ಟೇ. ತೃಪ್ತಿಯಲ್ಲೂ ಅಂಥ ದೊಡ್ಡ ಅಂತರ ಕಾಣುವುದಿಲ್ಲ. ಹಾಗೆ ನೋಡಿದರೆ ಅತೃಪ್ತಿ ದಪ್ಪ ಇರುವವರ ಸ್ವತ್ತೇನಲ್ಲ. ಕೆನಡಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಟ್ಟು ರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಸಮಾಧಾನ ಇರಲಿಲ್ಲ. ಮುಖ್ಯ ಕಾರಣ, ಅಂದುಕೊಂಡಿದ್ದು ಆಗಲಿಲ್ಲ ಅನ್ನೋದು.

ಹಾಗಂತ ಅಪಾಯ ಸುಳ್ಳಲ್ಲ. ತೂಕ ತುಂಬಾ ಹೆಚ್ಚಿದ್ದರೆ ಗಾಯ ಮಾಯೋದು ನಿಧಾನ, ಸೋಂಕಿನ ಭಯವೂ ಜಾಸ್ತಿ. ಅದಕ್ಕೇ 2013ರಲ್ಲಿ ಅಮೆರಿಕದ ಕೀಲು ಸರ್ಜನ್‌ಗಳ ಸಂಘದ ಸಮಿತಿ, ಬಿಎಂಐ (ಎತ್ತರಕ್ಕೆ ತಕ್ಕ ತೂಕ ಎಷ್ಟಿದೆ ಅನ್ನೋ ಲೆಕ್ಕ) 40 ದಾಟಿದ್ದರೆ ಆಪರೇಷನ್ ಮುಂದೂಡುವುದನ್ನು ಯೋಚಿಸಿ ಎಂದಿತು. ಸಲಹೆ ಎಷ್ಟೋ ಕಡೆ ಗೇಟಾಗಿಬಿಟ್ಟಿತು. ಬಿಎಂಐ ಸೂತ್ರ ಹುಟ್ಟಿದ್ದೇ 19ನೇ ಶತಮಾನದಲ್ಲಿ, ಜನಸಮೂಹದ ಸರಾಸರಿ ಹುಡುಕುತ್ತಿದ್ದ ಬೆಲ್ಜಿಯಂನ ಗಣಿತಜ್ಞ ಕ್ವೆಟಲೆಯಿಂದ. ಯಾರನ್ನು ಆಪರೇಷನ್ ಥಿಯೇಟರಿಗೆ ಬಿಡಬೇಕು ಅನ್ನೋದು ಅವರ ತಲೆಯಲ್ಲಿ ಇರಲೇ ಇಲ್ಲ.

ಆ ಗೇಟಿನ ಹೊರಗೆ ನಿಂತವರು ನೋವಿಗೆ ನಡೆಯೋದು ಬಿಟ್ಟರು. ನಡೆಯದೆ ತೂಕ ಇಳಿಸುವುದು ಇನ್ನೂ ಕಷ್ಟವಾಯಿತು. 2023ರಲ್ಲಿ ಅದೇ ಸಂಘ ಸಂಧಿವಾತ ತಜ್ಞರ ಜೊತೆ ಸೇರಿ ಮಾತು ಬದಲಿಸಿತು: ಇಂತಿಷ್ಟು ತೂಕಕ್ಕೆ ಇಳಿಯಲಿ ಅಂತ ಸುಮ್ನೆ ಕಾಯಿಸಬೇಡಿ.