ಪದ ಪರಿಚಯ: ಟ್ರಾನ್ಸ್‌ಫ್ರಾಂಟಿಯರ್ ಪಾರ್ಕ್

ಆಫ್ರಿಕಾ ಖಂಡದ ತೆಂಕಣ ತುದಿಯ ದೇಶಗಳಿಗೆ ಸಫಾರಿ ಹೊರಡುವವರು ಪ್ರವಾಸದ ಕರಪತ್ರಗಳಲ್ಲಿ ಈ ಪದವನ್ನು ಮತ್ತೆ ಮತ್ತೆ ನೋಡುತ್ತಾರೆ: ಕ್ಗಲಗಾಡಿ ಟ್ರಾನ್ಸ್‌ಫ್ರಾಂಟಿಯರ್ ಪಾರ್ಕ್, ಗ್ರೇಟ್ ಲಿಂಪೋಪೊ ಟ್ರಾನ್ಸ್‌ಫ್ರಾಂಟಿಯರ್ ಪಾರ್ಕ್. ಅರ್ಥ ಕಷ್ಟವಲ್ಲ. ಅಕ್ಕಪಕ್ಕದ ಎರಡು ಅಥವಾ ಮೂರು ದೇಶಗಳು ಗಡಿಗೆ ತಾಗಿಕೊಂಡಿರುವ ತಮ್ಮ ರಾಷ್ಟ್ರೀಯ ಉದ್ಯಾನಗಳ ನಡುವಿನ ಬೇಲಿ ತೆಗೆದು, ಪ್ರಾಣಿಗಳಿಗೆ ಓಡಾಡಲು ಬಿಟ್ಟು, ಇಡೀ ಕಾಡನ್ನು ಒಂದೆಂದು ತಿಳಿದು ನೋಡಿಕೊಳ್ಳಲು ಒಪ್ಪಂದ ಮಾಡಿಕೊಂಡರೆ ಅದು ಟ್ರಾನ್ಸ್‌ಫ್ರಾಂಟಿಯರ್ ಪಾರ್ಕ್. ಪಾಲಾದ ಅಣ್ಣತಮ್ಮಂದಿರು ಹಿತ್ತಲಿನ ಬೇಲಿಯನ್ನಷ್ಟೇ ಕಿತ್ತ ಹಾಗೆ. ಪಹಣಿ ಅವರವರ ಹೆಸರಿನಲ್ಲೇ ಇರುತ್ತದೆ. ಕಾನೂನು, ಪೊಲೀಸು, ಅರಣ್ಯ ಸಿಬ್ಬಂದಿ ಎಲ್ಲವೂ ಆಯಾ ದೇಶದ್ದೇ.

ಇದಕ್ಕೊಂದು ದೊಡ್ಡ ರೂಪವೂ ಇದೆ: ಟ್ರಾನ್ಸ್‌ಫ್ರಾಂಟಿಯರ್ ಸಂರಕ್ಷಣಾ ಪ್ರದೇಶ. ಅದರೊಳಗೆ ಉದ್ಯಾನಗಳಲ್ಲದೆ ಹಳ್ಳಿ, ಹೊಲ, ದನದ ಹುಲ್ಲುಗಾವಲು, ಬೇಟೆಗೆ ಪರವಾನಗಿ ಇರುವ ಕಾಡು, ಪಟ್ಟಣ ಕೂಡ ಸೇರಿರುತ್ತವೆ. ಅಲ್ಲಿ ಬೇಲಿ ಇರಲೂಬಹುದು, ಉದ್ಯಾನಗಳು ಒಂದಕ್ಕೊಂದು ತಾಗದೆಯೂ ಇರಬಹುದು. ಕರಪತ್ರಗಳು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತವೆ. ಆದರೆ ಪ್ರವಾಸಿಯ ಅನುಭವದಲ್ಲಿ ಇವೆರಡಕ್ಕೂ ಅಜಗಜಾಂತರ.

ಪದದ ಪೂರ್ಣ ಅರ್ಥ ಇಳಿದಿರುವುದು ಕ್ಗಲಗಾಡಿಯಲ್ಲಿ. ಕಲಹಾರಿಯ ಕೆಂಪು ಮರಳುದಿಬ್ಬಗಳ ನಡುವೆ ನೊಸೊಬ್ ಎಂಬ ನದಿಯ ಪಾತ್ರವಿದೆ. ನದಿ ಎಂದರೆ ಹೆಸರಿಗಷ್ಟೇ. ಅದರಲ್ಲಿ ನೀರು ಹರಿಯುವುದು ತಲೆಮಾರಿಗೊಮ್ಮೆ ಎನ್ನಬೇಕು. ಈ ಒಣ ಪಾತ್ರವೇ ದಕ್ಷಿಣ ಆಫ್ರಿಕಾ ಮತ್ತು ಬೋಟ್ಸ್ವಾನಾದ ಗಡಿ. ಒಂದು ಬದಿಯಲ್ಲಿ 1931ರಲ್ಲಿ ಆರಂಭವಾದ ಕಲಹಾರಿ ಗೆಮ್ಸ್‌ಬಾಕ್ ಉದ್ಯಾನ, ಇನ್ನೊಂದು ಬದಿಯಲ್ಲಿ ಬೋಟ್ಸ್ವಾನಾದ ಗೆಮ್ಸ್‌ಬಾಕ್ ಉದ್ಯಾನ. ನಡುವೆ ಬೇಲಿ ಹಾಕಬಾರದು ಎಂದು 1948ರಲ್ಲೇ ಎರಡೂ ಕಡೆಯವರು ಬಾಯಿಮಾತಿನ ಒಪ್ಪಂದ ಮಾಡಿಕೊಂಡಿದ್ದರು. ವರ್ಣಭೇದ ನೀತಿಯ ಕಾಲದಲ್ಲೂ ಆ ಬಾಯಿಮಾತು ಉಳಿಯಿತು. 1999ರಲ್ಲಿ ಅದು ಕಾಗದಕ್ಕಿಳಿಯಿತು. 2000ದ ಮೇ ತಿಂಗಳಲ್ಲಿ ಎರಡೂ ದೇಶಗಳ ಅಧ್ಯಕ್ಷರಾದ ಥಾಬೊ ಎಂಬೆಕಿ ಮತ್ತು ಫೆಸ್ಟಸ್ ಮೊಗಾಯೆ ಉದ್ಘಾಟಿಸಿದರು. ಈ ಭಾಗದಲ್ಲಿ ಇಂಥ ಉದ್ಯಾನಗಳ ಪೈಕಿ ಇದೇ ಮೊದಲನೆಯದು. ಒಟ್ಟು ವಿಸ್ತೀರ್ಣ ಸುಮಾರು 38,000 ಚದರ ಕಿಲೋಮೀಟರ್. ಅದರಲ್ಲಿ ಮುಕ್ಕಾಲು ಪಾಲು ಬೋಟ್ಸ್ವಾನಾದ್ದು.

ನೊಸೊಬ್ ಪಾತ್ರದಲ್ಲಿ ವಾಹನ ಓಡಿಸುವಾಗ ಗಡಿಯನ್ನು ಹಲವು ಸಲ ದಾಟುತ್ತಿರುತ್ತೀರಿ, ದಾರಿಬದಿಯ ಗಡಿಕಲ್ಲುಗಳನ್ನು ನೋಡದಿದ್ದರೆ ಅದು ಗೊತ್ತೂ ಆಗುವುದಿಲ್ಲ. ಕಪ್ಪು ಕೇಸರದ ಸಿಂಹ, ಈಟಿಯಂಥ ನೇರ ಕೊಂಬಿನ ಗೆಮ್ಸ್‌ಬಾಕ್ ಜಿಂಕೆಗಳ ಮಾತಂತೂ ಬೇಡ. ಮನುಷ್ಯರಿಗೂ ಇಲ್ಲಿ ಸಣ್ಣದೊಂದು ರಿಯಾಯಿತಿ ಇದೆ: ಯಾವ ದೇಶದ ಕಡೆಯಿಂದ ಒಳಗೆ ಬಂದಿರೋ ಅದೇ ಕಡೆಯಿಂದ ಹೊರಹೋಗುವುದಾದರೆ, ಒಳಗೆ ಎಲ್ಲಿ ಸುತ್ತಿದರೂ ಪಾಸ್‌ಪೋರ್ಟಿಗೆ ಮುದ್ರೆ ಬೀಳುವುದಿಲ್ಲ. ಇನ್ನೊಂದು ದೇಶದ ಕಡೆಗೆ ಹೊರಬೀಳುವವರು ಮಾತ್ರ ವಲಸೆ ವಿಭಾಗದ ವ್ಯವಹಾರ ಮುಗಿಸಬೇಕು, ಜೊತೆಗೆ ಉದ್ಯಾನದೊಳಗೆ ಕನಿಷ್ಠ ಎರಡು ರಾತ್ರಿ ತಂಗಬೇಕು. ಸಫಾರಿಯ ನೆಪದಲ್ಲಿ ಕಾಡನ್ನು ಅಡ್ಡದಾರಿ ಮಾಡಿಕೊಳ್ಳುವವರನ್ನು ತಡೆಯಲು ಹಾಕಿದ ಷರತ್ತು ಇದು, ಒಳ್ಳೆಯ ಷರತ್ತೇ. ದಕ್ಷಿಣ ಆಫ್ರಿಕಾದ ಬದಿಯಲ್ಲಿ ಸುಸಜ್ಜಿತ ಶಿಬಿರಗಳಿವೆ. ಬೋಟ್ಸ್ವಾನಾದ ಬದಿಗೆ ಹೋದರೆ ಫೋರ್‌ವೀಲ್ ಡ್ರೈವ್ ವಾಹನ ಬೇಕೇ ಬೇಕು; ಅಲ್ಲಿನ ಶಿಬಿರಗಳಿಗೆ ಬೇಲಿ ಇಲ್ಲ.

ಆದರೆ ಈ ಉದ್ಯಾನದ ಕಥೆ ಬರೀ ಪ್ರಾಣಿಗಳದ್ದಲ್ಲ. ಈ ಮರಳಿನಲ್ಲಿ ಎಲ್ಲರಿಗಿಂತ ಮೊದಲು ಬದುಕಿದವರು ಸಾನ್ ಜನ. ಉದ್ಯಾನವಾದ ಮೇಲೆ ಅವರನ್ನು ಹಂತಹಂತವಾಗಿ ಹೊರಗೆ ಹಾಕಲಾಯಿತು. ವರ್ಣಭೇದ ನೀತಿ ಅಳಿದ ಮೇಲೆ ಖೊಮಾನಿ ಸಾನ್ ಸಮುದಾಯ ತನ್ನ ಭೂಮಿಗಾಗಿ ಹಕ್ಕು ಮಂಡಿಸಿ, 1999ರಲ್ಲಿ ಗೆದ್ದಿತು. ನೆರೆಯ ಮಿಯರ್ ಸಮುದಾಯಕ್ಕೂ ಪಾಲು ಸಿಕ್ಕಿತು. ಉದ್ಯಾನದ ಒಳಗಿನ ಒಂದು ತುಂಡು ಇಂದು ಈ ಎರಡು ಸಮುದಾಯಗಳ ಒಡೆತನದಲ್ಲಿದೆ. ಅಲ್ಲಿನ ಎಕ್ಸಾಸ್ ಲಾಡ್ಜ್ ಅವರದ್ದು. ಎರಡು ಸರ್ಕಾರಗಳು ಕೈಕುಲುಕಿದ ಚಿತ್ರ ಎಲ್ಲ ಕಡೆ ಅಚ್ಚಾಗುತ್ತದೆ. ನನ್ನ ಪ್ರಕಾರ ಈ ಹಕ್ಕುಪತ್ರ ಅದಕ್ಕಿಂತ ದೊಡ್ಡ ಘಟನೆ.

ಗ್ರೇಟ್ ಲಿಂಪೋಪೊ ಇಷ್ಟು ಸಲೀಸಾಗಿ ಕೂಡಲಿಲ್ಲ. ದಕ್ಷಿಣ ಆಫ್ರಿಕಾದ ಕ್ರೂಗರ್, ಮೊಜಾಂಬಿಕ್‌ನ ಲಿಂಪೋಪೊ, ಜಿಂಬಾಬ್ವೆಯ ಗೊನರೆಝು, ಈ ಮೂರು ಉದ್ಯಾನಗಳನ್ನು ಸೇರಿಸುವ ಒಪ್ಪಂದಕ್ಕೆ 2002ರ ಡಿಸೆಂಬರ್‌ನಲ್ಲಿ ಮೂರು ಅಧ್ಯಕ್ಷರ ಸಹಿ ಬಿತ್ತು. ಆದರೆ ಮೂರರ ಸ್ಥಿತಿ ಒಂದೇ ಆಗಿರಲಿಲ್ಲ. ಕ್ರೂಗರ್ ಪ್ರಾಣಿಗಳಿಂದ ತುಂಬಿತ್ತು. 1977ರಿಂದ 1992ರವರೆಗೆ ಅಂತರ್ಯುದ್ಧದಲ್ಲಿ ಬೆಂದ ಮೊಜಾಂಬಿಕ್‌ನ ಕಾಡು ಬರಿದಾಗಿತ್ತು. ಆ ಯುದ್ಧದಿಂದ ತಪ್ಪಿಸಿಕೊಂಡ ನಿರಾಶ್ರಿತರು ಕ್ರೂಗರ್ ಕಾಡಿನ ನಡುವೆಯೇ ನಡೆದು ಬರುತ್ತಿದ್ದರು. ಸಿಂಹಗಳಿಗೆ ಬಲಿಯಾದವರೂ ಅವರಲ್ಲಿದ್ದರು. ಅಂಥ ಗಡಿಯ ಬೇಲಿ ತೆಗೆಯುವುದಕ್ಕೆ ಮುನ್ನುಡಿಯಾಗಿ 2001ರ ಅಕ್ಟೋಬರ್‌ನಲ್ಲಿ ನೆಲ್ಸನ್ ಮಂಡೇಲಾ ಸಮ್ಮುಖದಲ್ಲಿ ಕ್ರೂಗರ್‌ನ ಆನೆಗಳನ್ನು ಮೊಜಾಂಬಿಕ್ ಕಡೆಗೆ ಬಿಡಲಾಯಿತು. ಹಾಗೆ ಸಾಗಿಸಿದ ಆನೆಗಳಲ್ಲಿ ಹಲವು ನಿಧಾನವಾಗಿ ನಡೆದುಕೊಂಡು ವಾಪಸು ಕ್ರೂಗರ್‌ಗೇ ಬಂದವು. ಆನೆಗೆ ಅಧ್ಯಕ್ಷರ ಸಹಿ ಯಾವ ಲೆಕ್ಕ? ಕಾಲ ಕಳೆದಂತೆ ಕೆಲವು ತಾವಾಗಿಯೇ ಆಚೆ ಹೋಗಿ ನೆಲೆ ನಿಂತವು.

ಬೇಲಿಯ ಕೆಲವು ಭಾಗಗಳನ್ನು ತೆಗೆದ ಮೇಲೆ ಬೇರೆ ತಲೆನೋವು ಶುರುವಾಯಿತು. ಘೇಂಡಾಮೃಗದ ಕೊಂಬಿನ ಕಳ್ಳರಿಗೆ ಗಡಿಯೇ ಅನುಕೂಲವಾಯಿತು: ಈಚೆ ಕೊಂದು ಆಚೆ ಓಡಿದರೆ ಅರಣ್ಯ ಸಿಬ್ಬಂದಿ ಬೆನ್ನಟ್ಟುವಂತಿಲ್ಲ. 2014ರಲ್ಲಿ ದಕ್ಷಿಣ ಆಫ್ರಿಕಾ ಒಂದೇ ವರ್ಷದಲ್ಲಿ 1,215 ಘೇಂಡಾಮೃಗಗಳನ್ನು ಕಳೆದುಕೊಂಡಿತು. ಬಹುಪಾಲು ಸತ್ತದ್ದು ಕ್ರೂಗರ್‌ನಲ್ಲಿ. ಬೇಲಿಯನ್ನು ಮತ್ತೆ ಕಟ್ಟಬೇಕೆಂಬ ಕೂಗು ಎದ್ದದ್ದು ಸಹಜವೇ. ಇನ್ನು ಮೊಜಾಂಬಿಕ್ ಬದಿಯಲ್ಲಿ ಶಿಂಗ್ವೆಡ್ಜಿ ನದಿಯ ದಡದ ಹಳ್ಳಿಗಳಲ್ಲಿದ್ದ ಸುಮಾರು 7,000 ಜನರನ್ನು ಬೇರೆಡೆಗೆ ಸಾಗಿಸುವ ಕೆಲಸ ವರ್ಷಾನುಗಟ್ಟಲೆ ಎಳೆಯಿತು. ಪ್ರಾಣಿಗಳಿಗೆ ಗಡಿ ತೆರೆದ ಯೋಜನೆಯೇ ಜನರಿಗೆ ಊರು ಬಿಡಲು ಹೇಳಿತು ಎಂಬುದನ್ನು ಈ ಪದ ಬಳಸುವವರು ಮರೆಯಬಾರದು. ಕ್ರೂಗರ್‌ನ ಉತ್ತರ ತುದಿಯ ಪಫುರಿಯಲ್ಲಿ ಮಾತ್ರ ಲೆಕ್ಕ ತಿರುಗುಮುರುಗಾಯಿತು: 1969ರಲ್ಲಿ ಅಲ್ಲಿಂದ ಬಲವಂತವಾಗಿ ಎಬ್ಬಿಸಲ್ಪಟ್ಟ ಮಕುಲೆಕೆ ಜನ 1998ರಲ್ಲಿ ಆ ಭೂಮಿಯನ್ನು ಮರಳಿ ಪಡೆದರು. ಅವರು ಅದನ್ನು ಕಾಡಾಗಿಯೇ ಉಳಿಸಿಕೊಂಡು, ಪ್ರವಾಸೋದ್ಯಮದಿಂದ ಆದಾಯ ಪಡೆಯುವ ದಾರಿ ಹಿಡಿದರು.

ಸಂರಕ್ಷಣಾ ಪ್ರದೇಶ ಎಂಬ ದೊಡ್ಡ ರೂಪಕ್ಕೆ ಉದಾಹರಣೆ ಕವಾಂಗೊ-ಜಾಂಬೆಜಿ. ಚುಟುಕಾಗಿ 'ಕಾಜಾ'. ಅಂಗೋಲಾ, ಬೋಟ್ಸ್ವಾನಾ, ನಮೀಬಿಯಾ, ಜಾಂಬಿಯಾ, ಜಿಂಬಾಬ್ವೆ ಎಂಬ ಐದು ದೇಶಗಳು 2011ರ ಆಗಸ್ಟ್‌ನಲ್ಲಿ ಸಹಿ ಮಾಡಿದ ಈ ಒಪ್ಪಂದದ ವ್ಯಾಪ್ತಿ ಸುಮಾರು 5,20,000 ಚದರ ಕಿಲೋಮೀಟರ್. ಇಡೀ ಕರ್ನಾಟಕ ಎರಡೂವರೆ ಸಲ ಹಿಡಿಸಿ ಮಿಗುತ್ತದೆ. ಒಕವಾಂಗೊ ಮುಖಜ ಭೂಮಿ, ಚೋಬೆ ಮತ್ತು ಹ್ವಾಂಗೆ ಉದ್ಯಾನಗಳು, ವಿಕ್ಟೋರಿಯಾ ಜಲಪಾತ ಎಲ್ಲವೂ ಇದರೊಳಗೇ. ನಡುಮಧ್ಯದಲ್ಲಿ ನಮೀಬಿಯಾದ ಉದ್ದನೆಯ ಬೆರಳೊಂದು ಚಾಚಿಕೊಂಡಿದೆ. 1890ರಲ್ಲಿ ಜರ್ಮನಿಯವರು ಜಾಂಬೆಜಿ ನದಿಗೆ ದಾರಿ ಬೇಕೆಂದು ಬ್ರಿಟಿಷರಿಂದ ಪಡೆದ ಪಟ್ಟಿ ಅದು. ಆ ನದಿಯಲ್ಲೇ ಮುಂದೆ ವಿಕ್ಟೋರಿಯಾ ಜಲಪಾತ ಧುಮುಕುತ್ತದೆ. ದೋಣಿ ಸಮುದ್ರ ಮುಟ್ಟುವ ಮಾತೇ ಇಲ್ಲ. ಬರ್ಲಿನ್‌ನಲ್ಲಿ ಕುಳಿತು ಎಳೆದ ಆ ಗೆರೆಗಳನ್ನು ಇಂದು ಆನೆಗಳು ಕಾಲಲ್ಲಿ ಅಳಿಸುತ್ತಿವೆ.

2022ರಲ್ಲಿ ವಿಮಾನದಿಂದ ನಡೆಸಿದ ಗಣತಿಯ ಪ್ರಕಾರ ಕಾಜಾದಲ್ಲಿ ಸುಮಾರು 2,27,900 ಆನೆಗಳಿವೆ. ಅರ್ಧಕ್ಕಿಂತ ಹೆಚ್ಚು ಬೋಟ್ಸ್ವಾನಾದಲ್ಲೇ ಕಿಕ್ಕಿರಿದಿವೆ. ಅವು ಅಂಗೋಲಾಕ್ಕೆ ಹರಡಲಿ ಎಂಬುದೇ ಕಾಜಾದ ಮುಖ್ಯ ಆಸೆ. ಅಂಗೋಲಾದ ಯುದ್ಧ 2002ರಲ್ಲಿ ನಿಂತ ಮೇಲೆ ಆನೆಗಳು ಆ ಕಡೆ ಹೆಜ್ಜೆ ಇಟ್ಟವು, ಆದರೆ ನೆಲಬಾಂಬುಗಳು ಇನ್ನೂ ಮಣ್ಣಿನಲ್ಲಿದ್ದವು. ಜೊತೆಗೆ ದನಗಳ ಕಾಲುಬಾಯಿ ರೋಗ ತಡೆಯಲು 1950ರ ದಶಕದಿಂದ ಹಾಕಿದ ನೂರಾರು ಕಿಲೋಮೀಟರ್ ಬೇಲಿಗಳು ಅಡ್ಡ. ಗೋಮಾಂಸ ರಫ್ತು ಬೋಟ್ಸ್ವಾನಾದ ಆರ್ಥಿಕತೆಗೆ ಮುಖ್ಯವಾದ್ದರಿಂದ ಅವನ್ನು ಕೀಳುವುದು ಸುಲಭವಲ್ಲ. ಕಾನೂನುಗಳೂ ಬೇರೆ ಬೇರೆ. ಬೋಟ್ಸ್ವಾನಾ 2014ರಲ್ಲಿ ಬೇಟೆ ನಿಷೇಧಿಸಿ 2019ರಲ್ಲಿ ನಿಷೇಧ ತೆಗೆಯಿತು; ಆ ಐದು ವರ್ಷವೂ ನಮೀಬಿಯಾ, ಜಿಂಬಾಬ್ವೆಗಳಲ್ಲಿ ಪರವಾನಗಿ ಬೇಟೆ ನಡೆದೇ ಇತ್ತು. ಅಂದರೆ ಒಂದೇ ಆನೆ ಹೊಳೆಯ ಈ ದಡದಲ್ಲಿ ನಿಷಿದ್ಧ, ಆ ದಡದಲ್ಲಿ ಶುಲ್ಕ ಕಟ್ಟಿದವರ ಗುರಿ. ಹೀಗಾಗಿ ಕಾಜಾವನ್ನು ಒಂದು ಉದ್ಯಾನ ಎಂದು ಕರೆಯುವುದು ನನಗೆ ಒಪ್ಪುವುದಿಲ್ಲ. ಅದು ಐದು ಸರ್ಕಾರಗಳ ನಡುವೆ ನಡೆಯುತ್ತಿರುವ ದೀರ್ಘ ಮಾತುಕತೆ.

ನಾಗರಹೊಳೆ, ಬಂಡೀಪುರ, ಮುದುಮಲೈ, ವಯನಾಡುಗಳೂ ಹೀಗೆಯೇ ಒಂದಕ್ಕೊಂದು ಅಂಟಿಕೊಂಡಿವೆಯಲ್ಲ ಎಂದು ಕೇಳಬಹುದು. ಅಂಟಿಕೊಂಡಿರುವುದು ನಿಜ. ಆದರೆ ಅಲ್ಲಿ ದಾಟುವುದು ರಾಜ್ಯದ ಗಡಿ, ವನ್ಯಜೀವಿ ಕಾಯ್ದೆ ಮೂರೂ ರಾಜ್ಯಕ್ಕೆ ಒಂದೇ. ನಮ್ಮ ದೇಶದಲ್ಲಿ ಈ ಪದಕ್ಕೆ ಹತ್ತಿರ ಬರುವುದು ಅಸ್ಸಾಮಿನ ಮಾನಸ್ ಮತ್ತು ಅದಕ್ಕೆ ತಾಗಿದ ಭೂತಾನದ ರಾಯಲ್ ಮಾನಸ್.

ಪ್ರವಾಸ ಯೋಜಿಸುವವರು ಗಮನಿಸಬೇಕಾದ್ದು ಇಷ್ಟು: ಒಂದೇ ಹೆಸರಿನ ಕಾಡು ಎಂದ ಮಾತ್ರಕ್ಕೆ ಒಂದೇ ವೀಸಾ ಎಂದಲ್ಲ. ಕ್ರೂಗರ್‌ನಿಂದ ಮೊಜಾಂಬಿಕ್ ಕಡೆಗೆ ಗಿರಿಯೊಂಡೊ ಗೇಟಿನಲ್ಲಿ ದಾಟುವಾಗ ಎರಡೂ ದೇಶಗಳ ವಲಸೆ ಅಧಿಕಾರಿಗಳ ಮುಂದೆ ನಿಲ್ಲಲೇಬೇಕು. ಕಾಜಾದ ಹೆಸರಿನಲ್ಲೇ ಬಂದಿರುವ ಜಂಟಿ ವೀಸಾ ಸದ್ಯಕ್ಕೆ ಜಾಂಬಿಯಾ ಮತ್ತು ಜಿಂಬಾಬ್ವೆಗಳದ್ದು. ಅದನ್ನು ಪಡೆದವರು ವಿಕ್ಟೋರಿಯಾ ಜಲಪಾತವನ್ನು ಎರಡೂ ದಡಗಳಿಂದ ನೋಡಬಹುದು, ಕಝುಂಗುಲಾ ಗಡಿಠಾಣೆಯ ಮೂಲಕ ಬೋಟ್ಸ್ವಾನಾದ ಚೋಬೆಗೆ ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು. ಆದರೆ ಚೋಬೆಯಲ್ಲಿ ರಾತ್ರಿ ತಂಗಿದರೆ ಆ ವೀಸಾದ ಸವಲತ್ತು ಮುಗಿಯುತ್ತದೆ.