ಲಾಗಿನ್ ಇದ್ದರೂ ಪಕ್ಕದ ತೋಟದ ರಸೀದಿ ಏಕೆ ಸಿಗುತ್ತದೆ? ಎಪಿಐ ಪ್ರವೇಶ ನಿಯಂತ್ರಣ ಲೋಪದ ಹಿನ್ನೆಲೆ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್ (ಕಾಫಿ ಸಂಸ್ಕರಿಸುವ ಕಾರ್ಖಾನೆ) ತನ್ನ ಬೆಳೆಗಾರರಿಗೆಂದು ಮೊಬೈಲ್ ಆ್ಯಪ್ ಮಾಡಿಸಿದೆ ಎಂದಿಟ್ಟುಕೊಳ್ಳಿ. ಎಷ್ಟು ಮೂಟೆ ಚೆರ್ರಿ ಹಾಕಿದ್ದೀರಿ, ತೇವಾಂಶ ಎಷ್ಟಿತ್ತು, ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಸಿಕ್ಕ ಬೀಜದ ಪ್ರಮಾಣ) ಎಷ್ಟು ಬಂತು, ಯಾವ ದರಕ್ಕೆ ಮಾರಿದಿರಿ, ದುಡ್ಡು ಯಾವ ಬ್ಯಾಂಕ್ ಖಾತೆಗೆ ಹೋಯಿತು, ಎಲ್ಲವೂ ರಸೀದಿಯಲ್ಲಿರುತ್ತದೆ. ಬೆಳೆಗಾರರು ಮೊಬೈಲ್ ನಂಬರ್, ಒಟಿಪಿ ಕೊಟ್ಟು ಒಳಗೆ ಬಂದು ರಸೀದಿ ಒತ್ತುತ್ತಾರೆ. ಆ್ಯಪ್ ಸರ್ವರ್‌ಗೆ ‘/ರಸೀದಿ/1042’ ಎಂಬ ಕೋರಿಕೆ ಕಳಿಸುತ್ತದೆ, ಜೊತೆಗೆ ಲಾಗಿನ್ ಟೋಕನ್, ಅಂದರೆ ಒಳಗೆ ಬಂದವರು ಯಾರೆಂದು ಹೇಳುವ ಡಿಜಿಟಲ್ ಚೀಟಿ. ಇಂಥ ಕೋರಿಕೆಗಳಿಗೆ ಉತ್ತರ ಕೊಡುವ ಸರ್ವರ್‌ನ ಬಾಗಿಲೇ ಎಪಿಐ. ಸರ್ವರ್ ಟೋಕನ್ ಅಸಲಿಯೇ ಎಂದು ನೋಡಿ, 1042ನೇ ಸಾಲನ್ನು ಡೇಟಾಬೇಸ್‌ನಿಂದ ತೆಗೆದು ಕೊಡುತ್ತದೆ. ಅದೇ ಟೋಕನ್ ಇಟ್ಟುಕೊಂಡು 1043 ಕೇಳಿದರೆ? ಮೂಡಿಗೆರೆ ಕಡೆಯ ಇನ್ಯಾರದೋ ರಸೀದಿ ಬರುತ್ತದೆ. ಯಾರೂ ಪಾಸ್‌ವರ್ಡ್ ಕದ್ದಿಲ್ಲ, ಎನ್‌ಕ್ರಿಪ್ಶನ್ ಮುರಿದಿಲ್ಲ. ನೀನು ಯಾರು ಎಂದು ಕೇಳಿದ ಸರ್ವರ್, ಇದು ನಿನ್ನದೇ ಎಂದು ಕೇಳಲಿಲ್ಲ.

ಇದು ಹೊಸ ರೋಗವಲ್ಲ. ವೆಬ್ ಸುರಕ್ಷತೆಗಾಗಿ 2001ರಲ್ಲಿ ಶುರುವಾದ ಓವಾಸ್ಪ್ ಸಂಸ್ಥೆ 2003ರಲ್ಲಿ ಹತ್ತು ಪ್ರಮುಖ ಲೋಪಗಳ ಮೊದಲ ಪಟ್ಟಿ ತಂದಾಗಲೇ ಪ್ರವೇಶ ನಿಯಂತ್ರಣದ ಲೋಪ ಎರಡನೇ ಸ್ಥಾನದಲ್ಲಿತ್ತು. 2007ರಲ್ಲಿ ಅದನ್ನು ಎರಡಾಗಿ ಒಡೆದರು: ಸಂಖ್ಯೆ ಬದಲಿಸಿ ಬೇರೆಯವರ ದಾಖಲೆ ತೆಗೆಯುವುದು ನಾಲ್ಕನೆಯದಾಯಿತು, ಮುಚ್ಚಿಟ್ಟ ಪುಟಕ್ಕೆ ನೇರವಾಗಿ ವಿಳಾಸ ಟೈಪ್ ಮಾಡಿ ಹೋಗುವುದು ಹತ್ತನೆಯದಾಯಿತು. ಹತ್ತು ವರ್ಷ ಅದು ಹಾಗೇ ಬೇರೆ ಬೇರೆಯಾಗಿ ಉಳಿಯಿತು. ಈ ವಿಂಗಡಣೆ ಒಳ್ಳೆಯದಕ್ಕಿಂತ ಕೆಟ್ಟದ್ದನ್ನೇ ಹೆಚ್ಚು ಮಾಡಿತು ಎಂಬುದು ನಮ್ಮ ಅಭಿಪ್ರಾಯ. ಎರಡೂ ಅರ್ಧಗಳು ಸಣ್ಣವಾಗಿ ಕಂಡವು. ಅಡ್ಮಿನ್ ಪುಟಕ್ಕೆ ಬೀಗ ಹಾಕಿದ ತಂಡ ಕೆಲಸ ಮುಗಿಯಿತೆಂದು ಸುಮ್ಮನಾಯಿತು. 2017ರಲ್ಲಿ ಮತ್ತೆ ಒಂದುಗೂಡಿಸಿ ಐದನೇ ಸ್ಥಾನ ಕೊಟ್ಟರು. 2021ರ ಪಟ್ಟಿಯಲ್ಲಿ ಅದು ಮೊದಲನೆಯದು.

ಲೋಪ ಹಳೆಯದಾದರೂ ಅದಕ್ಕೆ ಇಷ್ಟು ಬಲ ಬಂದದ್ದು ಮೊಬೈಲ್ ಆ್ಯಪ್‌ಗಳ ಕಾಲದಲ್ಲಿ. ಮೊದಲು ಸರ್ವರ್ ಪುಟವನ್ನು ತಾನೇ ಕಟ್ಟಿ ಕಳಿಸುತ್ತಿತ್ತು. ಪರದೆಯ ಮೇಲೆ ಕಾಣುವುದಷ್ಟೇ ಬಹುಪಾಲು ಹೊರಗೆ ಹೋಗುತ್ತಿತ್ತು. 2008ರಲ್ಲಿ ಆ್ಯಪ್ ಸ್ಟೋರ್ ಬಂದ ಮೇಲೆ ಪರದೆ ಕಟ್ಟುವ ಕೆಲಸ ಫೋನಿಗೆ ಹೋಯಿತು. ಸರ್ವರ್ ಬರೀ ಡೇಟಾ ಕೊಡತೊಡಗಿತು. ‘ಯಾವುದನ್ನು ತೋರಿಸಬೇಕೋ ಆ್ಯಪ್ ನೋಡಿಕೊಳ್ಳುತ್ತದೆ’ ಎಂದು ಡೇಟಾಬೇಸ್ ಸಾಲನ್ನು ಇಡಿಯಾಗಿ ಕಳಿಸುವ ಚಾಳಿ ಬಂದದ್ದೂ ಆಗಲೇ. ಆದರೆ ಕೋರಿಕೆ ಆ್ಯಪ್‌ನಿಂದಲೇ ಬರಬೇಕೆಂದಿಲ್ಲ. ಕರ್ಲ್ ಎಂಬ ಉಚಿತ ಸಲಕರಣೆಯಿಂದ ಒಂದೇ ಸಾಲಿನಲ್ಲಿ ಅದನ್ನು ಯಾರು ಬೇಕಾದರೂ ಕಳಿಸಬಹುದು.

2010ರಲ್ಲಿ ಅಮೆರಿಕದ ದೂರಸಂಪರ್ಕ ಕಂಪನಿ ಎಟಿ ಆ್ಯಂಡ್ ಟಿಯ ಸರ್ವರ್‌ಗೆ ಐಪ್ಯಾಡ್‌ನ ಸಿಮ್ ಸಂಖ್ಯೆ ಕೊಟ್ಟರೆ ಸಾಕು, ಅದರ ಮಾಲೀಕರ ಇಮೇಲ್ ಬರುತ್ತಿತ್ತು. ಸಂಖ್ಯೆಗಳನ್ನು ಊಹಿಸುತ್ತಾ ಹೋದ ಗುಂಪಿಗೆ ಸುಮಾರು 1,14,000 ಇಮೇಲ್ ವಿಳಾಸ ಸಿಕ್ಕವು. ಮರುವರ್ಷ ಸಿಟಿಗ್ರೂಪ್ ಬ್ಯಾಂಕಿನ ಸರದಿ: ಲಾಗಿನ್ ಆದ ಮೇಲೆ ಬ್ರೌಸರ್ ವಿಳಾಸದಲ್ಲಿದ್ದ ಖಾತೆ ಸಂಖ್ಯೆ ಬದಲಿಸಿ ಸುಮಾರು 3.6 ಲಕ್ಷ ಕಾರ್ಡ್ ಖಾತೆಗಳ ವಿವರ ತೆಗೆದರು. ಭಾರತದಲ್ಲಿ 2017ರಲ್ಲಿ ಮೆಕ್‌ಡೆಲಿವರಿ ಆ್ಯಪ್‌ನ ಎಪಿಐಗೆ ಕಾವಲೇ ಇರಲಿಲ್ಲ, ಗ್ರಾಹಕ ಸಂಖ್ಯೆಗಳೂ ಸಾಲಾಗಿದ್ದವು. 22 ಲಕ್ಷಕ್ಕೂ ಹೆಚ್ಚು ಬಳಕೆದಾರರ ಹೆಸರು, ಫೋನ್, ಮನೆ ವಿಳಾಸ ಬಯಲಿಗೆ ಬಿದ್ದಿದ್ದನ್ನು ಫಾಲಿಬಲ್ ಎಂಬ ಸುರಕ್ಷತಾ ಸಂಸ್ಥೆ ಹೊರತಂದಿತು.

ಇಂಥವನ್ನು ಕಂಡವರು ಮಾಡುವ ಮೊದಲ ಉಪಾಯ, ಸಾಲಾಗಿ ಬರುವ ಸಂಖ್ಯೆ ತೆಗೆದು ಯುಯುಐಡಿ ಎಂಬ ಉದ್ದನೆಯ ಗುರುತು ಹಾಕುವುದು. ನಾಲ್ಕನೇ ಆವೃತ್ತಿಯ ಯುಯುಐಡಿಯಲ್ಲಿ 122 ಯಾದೃಚ್ಛಿಕ ಬಿಟ್‌ಗಳಿವೆ, ಊಹಿಸಲಿಕ್ಕಾಗದು, ನಿಜ. ಆದರೆ ಕದಿಯಲು ಊಹಿಸಲೇಬೇಕೆಂದಿಲ್ಲವಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಲಿಂಕ್, ಸರ್ವರ್ ಲಾಗ್, ಇನ್ನೊಂದು ಎಪಿಐ ಕೊಡುವ ಪಟ್ಟಿ, ಎಲ್ಲದರಲ್ಲೂ ಆ ಗುರುತು ಸಿಗುತ್ತದೆ. ಯುಯುಐಡಿಯನ್ನೇ ಕೀಲಿಯೆಂದು ನಂಬಬೇಡಿ ಎಂದು 2005ರಲ್ಲಿ ಅದರ ಮಾನದಂಡ ಬರೆದವರೇ ಎಚ್ಚರಿಸಿದ್ದರು. ಹಾಕಿ, ತಪ್ಪಿಲ್ಲ. ಆದರೆ ಒಡೆತನದ ಪರೀಕ್ಷೆಯ ಬದಲಿಗೆ ಅಲ್ಲ.

ಇದೆಲ್ಲ ಓದುವ ಕಡೆಯ ಕಥೆ. ಬರೆಯುವ ಕಡೆಯ ಅಪಾಯ 2012ರ ಮಾರ್ಚ್‌ನಲ್ಲಿ, ಪ್ರೋಗ್ರಾಮರ್‌ಗಳು ಕೋಡ್ ಇಡುವ ಗಿಟ್‌ಹಬ್ ತಾಣದಲ್ಲಿ ಕಂಡಿತು. ಎಗೋರ್ ಹೊಮಕೊವ್ ಎಂಬ ಪ್ರೋಗ್ರಾಮರ್ ಕೋಡ್ ತಿದ್ದಲು ಬೇಕಾದ ತನ್ನ ಡಿಜಿಟಲ್ ಕೀಲಿಯನ್ನು ಸೇರಿಸುವ ಫಾರ್ಮ್‌ಗೆ ಒಂದು ಹೆಚ್ಚುವರಿ ಕಾಲಂ ತುರುಕಿ, ಕೀಲಿ ರೈಲ್ಸ್ (ವೆಬ್ ಆ್ಯಪ್ ಕಟ್ಟುವ ತಂತ್ರಾಂಶ) ಯೋಜನೆಯ ಖಾತೆಗೆ ಸೇರುವಂತೆ ಮಾಡಿದರು. ಫಾರ್ಮ್‌ನಲ್ಲಿ ಬಂದದ್ದನ್ನೆಲ್ಲ ಸರ್ವರ್ ಕಣ್ಣುಮುಚ್ಚಿ ಉಳಿಸುತ್ತಿತ್ತು. 2013ರ ರೈಲ್ಸ್ 4ರಿಂದ, ಅನುಮತಿ ಕೊಟ್ಟ ಕಾಲಂಗಳನ್ನಷ್ಟೇ ಒಳಗೆ ಬಿಡುವುದು ರೂಢಿಯಾಯಿತು. ನಮ್ಮ ಕ್ಯೂರಿಂಗ್ ಆ್ಯಪ್‌ನಲ್ಲಾದರೆ, ವಿಳಾಸ ತಿದ್ದುವ ಕೋರಿಕೆಯೊಳಗೆ ‘ಪಾತ್ರ: ಮ್ಯಾನೇಜರ್’ ಎಂದು ಸೇರಿಸಿ ಕಳಿಸಿದಂತೆ.

ಎಪಿಐಗಳಿಗೆಂದೇ ಓವಾಸ್ಪ್ 2019ರಲ್ಲಿ ಪ್ರತ್ಯೇಕ ಪಟ್ಟಿ ತಂದಿತು. ಬೇರೆಯವರ ದಾಖಲೆ ಸಿಗುವ ಲೋಪ ಅದರಲ್ಲಿ ಮೊದಲನೆಯದು, ತನ್ನದಲ್ಲದ ಕೆಲಸ ಮಾಡಲು ಬಿಡುವ ಲೋಪ ಐದನೆಯದು. 2023ರ ಪರಿಷ್ಕರಣೆಯಲ್ಲೂ ಎರಡೂ ಅಲ್ಲೇ ಇವೆ.

ಸರಿಪಡಿಸಿದೆವು ಎಂದ ಮೇಲೂ ಉಳಿಯುವುದು ಈ ಲೋಪದ ಗುಣ. 2021ರಲ್ಲಿ ವ್ಯಾಯಾಮದ ಸೈಕಲ್ ಮಾರುವ ಪೆಲೊಟನ್‌ನ ಎಪಿಐ ಲಾಗಿನ್ ಇಲ್ಲದೆಯೇ ಬಳಕೆದಾರರ ವಿವರ ಕೊಡುತ್ತಿತ್ತು. ಪೆನ್ ಟೆಸ್ಟ್ ಪಾರ್ಟ್‌ನರ್ಸ್ ಸಂಸ್ಥೆ ತಿಳಿಸಿದ ಮೇಲೆ ಲಾಗಿನ್ ಕಡ್ಡಾಯ ಮಾಡಿದರು; ಅಂದರೆ ಒಂದು ಖಾತೆ ತೆರೆದವರಿಗೆಲ್ಲ ಮತ್ತೆ ಅದೇ ವಿವರ. ಆಸ್ಟ್ರೇಲಿಯಾದ ದೂರಸಂಪರ್ಕ ಕಂಪನಿ ಆಪ್ಟಸ್‌ನದು ಇನ್ನೂ ಪಾಠ ಕಲಿಸುವಂಥದ್ದು. 2022ರಲ್ಲಿ ಸುಮಾರು 95 ಲಕ್ಷ ಗ್ರಾಹಕರ ಮಾಹಿತಿ ಹೋಯಿತು. ಅಲ್ಲಿನ ಸಂವಹನ ನಿಯಂತ್ರಕರು ನ್ಯಾಯಾಲಯಕ್ಕೆ ಹೇಳಿದ ಪ್ರಕಾರ, ಕೋಡಿನ ತಪ್ಪು 2018ರದು. 2021ರಲ್ಲಿ ಮುಖ್ಯ ತಾಣದಲ್ಲಿ ಅದನ್ನು ಕಂಡು ತಿದ್ದಿದ್ದರು, ಬಳಕೆಯಲ್ಲಿಲ್ಲದ ಇನ್ನೊಂದು ಡೊಮೈನ್‌ನಲ್ಲಿ ಅದೇ ತಪ್ಪು ಹಾಗೇ ಉಳಿದಿತ್ತು.

ಲೋಪ ಹುಡುಕುವ ಸ್ಕ್ಯಾನರ್ ತಂತ್ರಾಂಶಗಳು ಇದನ್ನು ಹಿಡಿಯುವುದಿಲ್ಲವೇ ಎಂದರೆ, ತಮ್ಮಷ್ಟಕ್ಕೆ ತಾವು ಹಿಡಿಯುವುದು ಕಷ್ಟ. ಡೇಟಾಬೇಸ್ ಆಜ್ಞೆಯನ್ನೇ ತುರುಕುವ ಎಸ್‌ಕ್ಯುಎಲ್ ಇಂಜೆಕ್ಷನ್ ಆದರೆ ಕೋರಿಕೆಯಲ್ಲೇ ಏನೋ ವಿಚಿತ್ರ ಕಾಣುತ್ತದೆ. ಇಲ್ಲಿ ಟೋಕನ್ ಸರಿ, ಕೋರಿಕೆ ಸರಿ, ಉತ್ತರವೂ 200, ಅಂದರೆ ‘ಎಲ್ಲ ಸರಿ’. ತಪ್ಪು ಇರುವುದು ಯಾರಿಗೆ ಏನು ಸೇರಿದ್ದು ಎಂಬಲ್ಲಿ, ಅದು ಸ್ಕ್ಯಾನರ್‌ಗೆ ಹೇಗೆ ಗೊತ್ತಾಗಬೇಕು? ತೋಟದ ರೈಟರ್ ರಸೀದಿ ನೋಡಬಹುದು, ಮಾರಾಟಕ್ಕೆ ಒಪ್ಪಿಗೆ ಕೊಡುವಂತಿಲ್ಲ. ಅದೇ ರೈಟರ್ ಎರಡು ತೋಟದ ಲೆಕ್ಕ ಬರೆಯುತ್ತಿರಬಹುದು. ಅಣ್ಣತಮ್ಮಂದಿರ ಪಾಲಾದರೆ ಹಳೆಯ ರಸೀದಿ ಇಬ್ಬರಿಗೂ, ಹೊಸದು ಅವರವರಿಗೆ. ಇದನ್ನು ಕೋಡ್ ಬರೆಯುವ ಮೊದಲೇ ಕಚೇರಿಯವರನ್ನು ಕೂರಿಸಿಕೊಂಡು ಒಂದು ಕೋಷ್ಟಕದಲ್ಲಿ ಬರೆದಿಡಬೇಕು: ಅಡ್ಡಕ್ಕೆ ಪಾತ್ರಗಳು, ಉದ್ದಕ್ಕೆ ಎಪಿಐ ಕೋರಿಕೆಗಳು. ಬರೆಯದೆ ಬಿಟ್ಟ ಮನೆಯೆಲ್ಲ ‘ಇಲ್ಲ’ ಎಂದೇ ಅರ್ಥ.

ಪರಿಹಾರದ ತಿರುಳು ಡೇಟಾಬೇಸ್ ಪ್ರಶ್ನೆಯಲ್ಲಿದೆ. ‘ಸಂಖ್ಯೆ 1042 ಇರುವ ರಸೀದಿ ಕೊಡು’ ಎಂದು ಕೇಳಿ ಆಮೇಲೆ ಒಡೆತನ ನೋಡುವುದಕ್ಕಿಂತ, ‘ಈ ಟೋಕನ್‌ನ ವ್ಯಕ್ತಿಗೆ ಹಕ್ಕಿರುವ ತೋಟಗಳ ರಸೀದಿಗಳಲ್ಲಿ 1042 ಇದ್ದರೆ ಕೊಡು’ ಎಂದು ಕೇಳಿ. ಪರೀಕ್ಷೆ ಮರೆತುಹೋಗುವ ಪ್ರಶ್ನೆಯೇ ಬರುವುದಿಲ್ಲ. ಸಿಗದಿದ್ದರೆ 404 (‘ಅಂಥದ್ದು ಇಲ್ಲ’) ಎಂಬ ಉತ್ತರ ಕೊಡಿ. 403 (‘ಅನುಮತಿ ಇಲ್ಲ’) ಕೊಟ್ಟರೆ ಆ ಸಂಖ್ಯೆಯ ರಸೀದಿ ಇದೆ ಎಂದು ನೀವೇ ಹೇಳಿದಂತೆ. ಬೆಳೆಗಾರರ ಸಂಖ್ಯೆಯನ್ನು ಟೋಕನ್‌ನಿಂದಲೇ ತೆಗೆದುಕೊಳ್ಳಿ, ಆ್ಯಪ್ ಕಳಿಸಿದ ಕಾಲಂನಿಂದ ಬೇಡ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಬಳಸುವವರಿಗೆ 9.5ನೇ ಆವೃತ್ತಿಯಿಂದ ಸಾಲು ಮಟ್ಟದ ಕಾವಲಿನ ಸೌಲಭ್ಯವೂ ಇದೆ. ಆದರೆ ಟೇಬಲ್‌ನ ಒಡೆತನವಿರುವ ಡೇಟಾಬೇಸ್ ಖಾತೆಗೆ ಅದು ತಾನಾಗಿ ಅನ್ವಯಿಸುವುದಿಲ್ಲ. ಆ್ಯಪ್ ಅದೇ ಖಾತೆಯಿಂದ ಸಂಪರ್ಕಿಸುತ್ತಿದ್ದರೆ ಕಾವಲು ಕಾಗದದ ಮೇಲಷ್ಟೇ.

ಪರೀಕ್ಷೆಗೆ ದೊಡ್ಡ ಖರ್ಚಿಲ್ಲ. ಒಂದೇ ಪಾತ್ರದ ಎರಡು ಖಾತೆ, ಮೇಲಿನ ಪಾತ್ರದ ಒಂದು ಖಾತೆ ಮಾಡಿಕೊಳ್ಳಿ. ಮೊದಲ ಖಾತೆಯಲ್ಲಿ ಆ್ಯಪ್‌ನ ಎಲ್ಲ ಪರದೆಗಳನ್ನೂ ಓಡಾಡಿ, ಬರ್ಪ್ ಸ್ವೀಟ್ ಎಂಬ ಪರೀಕ್ಷಾ ಸಲಕರಣೆಯಲ್ಲಿ ಕೋರಿಕೆಗಳನ್ನು ಹಿಡಿದಿಡಿ. ಟೋಕನ್ ಮಾತ್ರ ಬದಲಿಸಿ ಎರಡನೇ ಖಾತೆಯಿಂದ ಅವನ್ನೇ ಮತ್ತೆ ಕಳಿಸಿ, ಆಮೇಲೆ ಟೋಕನ್ ಇಲ್ಲದೆಯೂ ಕಳಿಸಿ. ಮ್ಯಾನೇಜರ್ ಖಾತೆಯ ಕೋರಿಕೆಗಳನ್ನು ಬೆಳೆಗಾರರ ಟೋಕನ್‌ನಿಂದ ಕಳಿಸಿ. ನೋಡುವುದಷ್ಟೇ ಅಲ್ಲ, ತಿದ್ದುವ, ಅಳಿಸುವ ಕೋರಿಕೆಗಳೂ ಬೇಕು. ಉತ್ತರ 403 ಬಂದಿತೆಂದು ನೆಮ್ಮದಿ ಬೇಡ: ಡೇಟಾ ತಿದ್ದಿದ ಮೇಲೆ ಹಕ್ಕು ಪರೀಕ್ಷಿಸುವ ಕೋಡೂ ಇರುತ್ತದೆ, ಹಾಗಾಗಿ ಮೊದಲ ಖಾತೆಗೆ ಹೋಗಿ ಡೇಟಾ ಬದಲಾಗಿಲ್ಲವೆಂದು ನೋಡಿ. ಸಾಮಾನ್ಯವಾಗಿ ತಪ್ಪಿಸಿಕೊಳ್ಳುವುದು ಪಿಡಿಎಫ್ ಡೌನ್‌ಲೋಡ್, ಎಕ್ಸೆಲ್ ರಫ್ತು, ಹಳೆಯ ಆವೃತ್ತಿಯ ಎಪಿಐ, ಮತ್ತು ‘/ತೋಟ/7/ರಸೀದಿ/1043’ ಥರದ ವಿಳಾಸ. ಕೊನೆಯದರಲ್ಲಿ 7ನೇ ತೋಟ ನಿಮ್ಮದೇ ಎಂದು ಸರಿಯಾಗಿ ಪರೀಕ್ಷಿಸಿ, 1043 ಆ ತೋಟದ್ದೇ ಎಂಬುದನ್ನು ಮರೆತಿರುತ್ತಾರೆ.

ಈ ಪರೀಕ್ಷೆ ನಿಮ್ಮದೇ ಆ್ಯಪ್‌ನಲ್ಲಿ, ಇಲ್ಲವೇ ಲಿಖಿತ ಒಪ್ಪಿಗೆ ಇರುವಲ್ಲಿ ಮಾತ್ರ. ಹಾಸನ, ಚಿಕ್ಕಮಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೈ ಪಳಗಿಸಿಕೊಳ್ಳಲು ಓವಾಸ್ಪ್‌ನ ಜ್ಯೂಸ್ ಶಾಪ್, ಕ್ರಾಪಿ ಎಂಬ ಉದ್ದೇಶಪೂರ್ವಕ ಲೋಪದ ಆ್ಯಪ್‌ಗಳನ್ನು ತಮ್ಮ ಲ್ಯಾಪ್‌ಟಾಪ್‌ನಲ್ಲೇ ಹಾಕಿಕೊಳ್ಳಬಹುದು. ಬೇರೆಯವರ ಸರ್ವರ್‌ನಲ್ಲಿ ಅನುಮತಿಯಿಲ್ಲದೆ ಸಂಖ್ಯೆ ಬದಲಿಸುತ್ತಾ ಹೋದರೆ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳು ಬೀಳಬಹುದು. ಶಿಕ್ಷೆ ಮೂರು ವರ್ಷ ಜೈಲಿನವರೆಗೆ. ಅಕಸ್ಮಾತ್ ಲೋಪ ಕಣ್ಣಿಗೆ ಬಿದ್ದರೆ ಅಲ್ಲೇ ನಿಲ್ಲಿಸಿ, ಡೇಟಾ ಇಳಿಸಿಕೊಳ್ಳದೆ ಸಂಸ್ಥೆಗೆ, ಇಲ್ಲವೇ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಿ. ಆ್ಯಪ್ ನಡೆಸುವವರಿಗೆ ಸರ್ಟ್-ಇನ್‌ನ 2022ರ ಆದೇಶ ಕೊಡುವ ಗಡುವು ಬಿಗಿಯಾದದ್ದು: ಡೇಟಾ ಸೋರಿಕೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಲಾಗ್‌ನಲ್ಲಿ ವಿಳಾಸದ ಜೊತೆಗೆ ಯಾವ ಬಳಕೆದಾರ ಯಾವ ದಾಖಲೆ ಕೇಳಿದ ಎಂಬುದೂ ಇರಲಿ. ಇಲ್ಲವಾದರೆ ಯಾರ್ಯಾರ ರಸೀದಿ ಹೊರಗೆ ಹೋಯಿತೆಂದು ಬೆಳೆಗಾರರಿಗೆ ಹೇಳಲು ನಿಮ್ಮ ಬಳಿ ಏನೂ ಇರುವುದಿಲ್ಲ.