ಫಿಟ್ಸ್‌ಗೆ ಮಾತ್ರೆ ಇದೆ, ಊರಿಗೆ ತಲುಪುವುದೇ ಕಷ್ಟ

ಮೂರ್ಛೆರೋಗದ ಮಾತು ಬಂದರೆ ಈಗ ನೂರೆಂಟು ವಿಷಯ ಒಟ್ಟಿಗೆ ಕಿವಿಗೆ ಬೀಳುತ್ತವೆ. ನಿಮ್ಹಾನ್ಸ್, ಸರ್ಕಾರದ ಬ್ರೈನ್ ಹೆಲ್ತ್ ಯೋಜನೆ, ಮದುವೆ ಕಾನೂನು, ಜೀನ್ ಸಂಶೋಧನೆ. ಇಷ್ಟೆಲ್ಲದರ ನಡುವೆ ಮಾತ್ರೆಯ ಕಥೆ ಕಳೆದುಹೋಗುತ್ತಿದೆ.

ಮಾತ್ರೆ ಹೊಸದೇನಲ್ಲ. ಫೀನೋಬಾರ್ಬಿಟಾಲ್ 1912ರಿಂದ ಬಳಕೆಯಲ್ಲಿದೆ, ಫೆನಿಟಾಯಿನ್ 1938ರಿಂದ. ಔಷಧಿ ಅಂಗಡಿಯಲ್ಲಿ ನಾವು ಗಾರ್ಡಿನಾಲ್, ಎಪ್ಟಾಯಿನ್ ಎಂದು ಕೇಳುವುದು ಇವನ್ನೇ. ಬೆಲೆಯೂ ಕಡಿಮೆ. ಹಾಗಿದ್ದೂ ಫಿಟ್ಸ್ ಬಂದು ಬಿದ್ದವರ ಕೈಗೆ ಬೀಗದ ಕೈ ತುರುಕುವ ಅಭ್ಯಾಸ ಇನ್ನೂ ಹೋಗಿಲ್ಲ.

ಕರ್ನಾಟಕದಲ್ಲಿ ಮೂರ್ಛೆರೋಗದ ಸಂಶೋಧನೆ ಶುರುವಾಗಿದ್ದು ಬಚ್ಚಲುಮನೆಯಿಂದ ಅಂದರೂ ತಪ್ಪಿಲ್ಲ. ತಲೆಗೆ ಬಿಸಿನೀರು ಸುರಿದುಕೊಳ್ಳುವಾಗಲೇ ಕೆಲವರಿಗೆ ಫಿಟ್ಸ್ ಬರುತ್ತಿತ್ತು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಇದರ ಬಗ್ಗೆ ಬರೆದರು. ಮುಂದೆ ನಿಮ್ಹಾನ್ಸ್‌ನಲ್ಲಿ ಡಾ. ಪಿ. ಸತೀಶ್ಚಂದ್ರ ಅವರ ತಂಡ ಇದನ್ನೇ ವರ್ಷಗಟ್ಟಲೆ ಹಿಂಬಾಲಿಸಿತು. ಪರಿಹಾರ ಎಷ್ಟು ಸರಳ ನೋಡಿ: ನೀರಿನ ಬಿಸಿ ಕಡಿಮೆ ಮಾಡುವುದು. ಅದು ಸಾಲದವರಿಗೆ ತಲೆಸ್ನಾನದ ದಿನ ಮುಂಚೆಯೇ ಕ್ಲೋಬಜಾಮ್ ಮಾತ್ರೆ. ಜಕ್ಕೂರಿನ ಜವಾಹರಲಾಲ್ ನೆಹರು ವಿಜ್ಞಾನ ಕೇಂದ್ರದವರು ಆಮೇಲೆ ಇದರ ಬೇರನ್ನು ಜೀನ್‌ಗಳನ್ನು ಹೊತ್ತ 10ನೇ ಮತ್ತು 4ನೇ ವರ್ಣತಂತುಗಳವರೆಗೆ (ಕ್ರೋಮೋಸೋಮ್) ಹುಡುಕಿಕೊಂಡು ಹೋದರು. ದೊಡ್ಡ ಕೆಲಸವೇ. ಆದರೆ ಮನೆಯವರಿಗೆ ಮೊದಲು ಉಪಯೋಗಕ್ಕೆ ಬಂದದ್ದು ನೀರಿನ ಬಿಸಿಯ ಮಾತು.

ಈಗ ಯಳಂದೂರಿಗೆ ಬರೋಣ. ಇಲ್ಲಿ ಸ್ವಲ್ಪ ನಿಲ್ಲಲೇಬೇಕು.

ಬಿಳಿಗಿರಿರಂಗನ ಬೆಟ್ಟದ ಬುಡದ ಆ ತಾಲ್ಲೂಕು 1990ರ ಹೊತ್ತಿಗೆ ಇನ್ನೂ ಮೈಸೂರು ಜಿಲ್ಲೆಯಲ್ಲಿತ್ತು. ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಡಾ. ಮಣಿ ಅವರ ತಂಡ ಅಲ್ಲಿ ಮನೆಮನೆ ಸಮೀಕ್ಷೆ ಮಾಡಿಸಿತು, ಸುಮಾರು 65 ಸಾವಿರ ಜನರ ನಡುವೆ. ಆಸ್ಪತ್ರೆಯಲ್ಲಿ ಕೂತು ರೋಗಿಗಾಗಿ ಕಾಯುವ ಸಂಶೋಧನೆ ಅಲ್ಲ ಇದು. ಎಂದೂ ಡಾಕ್ಟರ ಮುಖ ನೋಡದವರು, ಅರ್ಧಕ್ಕೇ ಮಾತ್ರೆ ಬಿಟ್ಟವರು, ಮನೆಯವರೇ ಮುಚ್ಚಿಟ್ಟವರು, ಇಂಥವರೆಲ್ಲ ಲೆಕ್ಕಕ್ಕೆ ಸಿಗುವುದು ಹೀಗೆ ಹೋದಾಗ ಮಾತ್ರ.

ಎಣಿಸಿ ಸುಮ್ನೆ ವಾಪಸ್ ಬರಲಿಲ್ಲ ಅನ್ನುವುದೇ ಇದರ ವಿಶೇಷ. 135 ಜನರಿಗೆ ಆ ಎರಡು ಹಳೆಯ ಮಾತ್ರೆಗಳಲ್ಲಿ ಒಂದನ್ನು ಕೊಟ್ಟು 5 ವರ್ಷ ಬೆನ್ನುಹತ್ತಿದರು. ಜನ ಪಟ್ಟಣಕ್ಕೆ ಅಲೆಯಲಿಲ್ಲ, ಚಿಕಿತ್ಸೆಯೇ ಅವರ ಕಡೆಗೆ ಬಂತು. 5ನೇ ವರ್ಷದ ಕೊನೆಗೆ ಸುಮಾರು ಮೂರನೇ ಎರಡು ಪಾಲು ಜನ ಕನಿಷ್ಠ 2 ವರ್ಷದಿಂದ ಫಿಟ್ಸ್ ಇಲ್ಲದೆ ಇದ್ದರು. ಕಾಯಿಲೆ ಬಲಿಯುವ ಮೊದಲೇ, ಅಂದರೆ ಕಡಿಮೆ ಸಲ ಫಿಟ್ಸ್ ಬಂದಿದ್ದಾಗ ಮಾತ್ರೆ ಶುರುಮಾಡಿದವರಿಗೆ ಗುಣ ಜಾಸ್ತಿ. 2001ರಲ್ಲಿ ಇದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನನಗಂತೂ ನಮ್ಮ ರಾಜ್ಯದ ವೈದ್ಯಕೀಯ ಸಂಶೋಧನೆಗಳಲ್ಲಿ ಇದಕ್ಕಿಂತ ಸ್ಪಷ್ಟ ಉತ್ತರ ಕೊಟ್ಟದ್ದು ಕಂಡಿಲ್ಲ.

ಅದೇ 90ರ ದಶಕದಲ್ಲಿ ಡಾ. ಎಂ. ಗೌರಿದೇವಿ ನೇತೃತ್ವದಲ್ಲಿ ನಿಮ್ಹಾನ್ಸ್ ಬೆಂಗಳೂರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ 1,02,557 ಜನರ ಸಮೀಕ್ಷೆ ನಡೆಸಿತು. ಹಳ್ಳಿಯಲ್ಲಿ 1000ಕ್ಕೆ 11.9 ಜನರಿಗೆ ಮೂರ್ಛೆರೋಗ, ನಗರದಲ್ಲಿ 5.7. ಕಾಯಿಲೆ ಜಾಸ್ತಿ ಇರುವ ಕಡೆಯೇ ನರರೋಗದ ಡಾಕ್ಟರು ಕಡಿಮೆ. ಗೌರಿಬಿದನೂರು, ಮದ್ದೂರಿನಂಥ ಊರುಗಳಲ್ಲಿ ನಿಮ್ಹಾನ್ಸ್ ಕ್ಯಾಂಪ್‌ಗಳು ನಡೆದದ್ದು ಈ ಕೊರತೆ ತುಂಬಲಿಕ್ಕೇ.

ಇಷ್ಟು ಗೊತ್ತಿದ್ದೂ ಯಳಂದೂರಿನ ಪಾಠ ಎಲ್ಲ ತಾಲ್ಲೂಕಿಗೂ ಏಕೆ ಹೋಗಲಿಲ್ಲ? ಒಂದೇ ಕಾರಣ ಹೇಳಲಾಗದು. ಫೀನೋಬಾರ್ಬಿಟಾಲ್ 1985ರ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿದೆ. ಅದನ್ನು ದಾಸ್ತಾನು ಮಾಡಲು ಅಂಗಡಿಯವರಿಗೆ ಹಿಂಜರಿಕೆ. ಸ್ಟಾಕ್ ಇಲ್ಲ ಎಂದು ಒಂದು ವಾರ ತಪ್ಪಿದರೂ ನಿಂತಿದ್ದ ಫಿಟ್ಸ್ ಮರಳಿ ಬರಬಹುದು. ಆಗ ಮನೆಯವರು ‘ಇಂಗ್ಲಿಷ್ ಮದ್ದು ಹಿಡಿಸಲಿಲ್ಲ’ ಅನ್ನುತ್ತಾರೆ. ಡಾಕ್ಟರು ನಿಲ್ಲಿಸುವ ಯೋಚನೆ ಮಾಡುವುದೇ ಎರಡು ಮೂರು ವರ್ಷ ಫಿಟ್ಸ್ ಇಲ್ಲದೆ ಕಳೆದ ಮೇಲೆ. ಅಲ್ಲಿಯವರೆಗೆ ದಿನಾ ತಪ್ಪದೆ ನುಂಗಬೇಕು, ಕೂಲಿಗೆ ಹೋಗುವ ಮನೆಯಲ್ಲಿ ಇದು ಸುಲಭ ಅಲ್ವೇ ಅಲ್ಲ.

ಮದುವೆಯ ಭಯ ಇನ್ನೊಂದು. 1976ರ ತಿದ್ದುಪಡಿ ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗವನ್ನು ಹುಚ್ಚಿನ ಪಕ್ಕದಲ್ಲೇ ಕೂರಿಸಿತ್ತು. ಪದೇಪದೇ ಫಿಟ್ಸ್ ಬರುವವರು ಮದುವೆಗೆ ಅರ್ಹರಲ್ಲ ಎಂದು ಕಾನೂನೇ ಹೇಳಿತು. ರೋಗಿಗಳು, ವೈದ್ಯರು ಹೋರಾಡಿದ ಮೇಲೆ 1999ರಲ್ಲಿ ಆ ಪದ ಹೋಯಿತು. ಗಂಡು-ಹೆಣ್ಣು ನೋಡುವ ಮನೆಗಳಿಂದ ಇನ್ನೂ ಹೋಗಿಲ್ಲ. ಮದುವೆಯಾದ ಹುಡುಗಿ ಅತ್ತೆ ಮನೆಯಲ್ಲಿ ಮಾತ್ರೆ ಬಚ್ಚಿಟ್ಟು ನುಂಗುತ್ತಾಳೆ, ಇಲ್ಲವೇ ನಿಲ್ಲಿಸಿಬಿಡುತ್ತಾಳೆ. ಇಂಥ ಬದುಕನ್ನು ಯಾವ ಸ್ಕ್ಯಾನೂ ತೋರಿಸುವುದಿಲ್ಲ.

2022ರಲ್ಲಿ ಎರಡು ಬೆಳವಣಿಗೆ ಆದವು. ನಿಮ್ಹಾನ್ಸ್ ಜೊತೆ ರಾಜ್ಯ ಸರ್ಕಾರ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರುಮಾಡಿತು. ಮೊದಲು ಬೆಂಗಳೂರು ನಗರದ ದಕ್ಷಿಣ ಭಾಗ, ಕೋಲಾರ, ಚಿಕ್ಕಬಳ್ಳಾಪುರ, ಆಮೇಲೆ ಉಳಿದ ಜಿಲ್ಲೆಗಳು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರೇ ಮೂರ್ಛೆರೋಗ, ಪಾರ್ಶ್ವವಾಯು, ಮರೆವಿನ ಕಾಯಿಲೆಗಳನ್ನು ಗುರುತಿಸುವಂತೆ ತರಬೇತಿ ಕೊಡುವುದು ಅದರ ಮುಖ್ಯ ಕೆಲಸ. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಸಭೆ 2031ಕ್ಕೆ ಗುರಿ ಇಟ್ಟಿತು: ಮೂರ್ಛೆರೋಗ ಇರುವ 100ರಲ್ಲಿ 90 ಜನರಿಗೆ ಇದಕ್ಕೆ ಚಿಕಿತ್ಸೆ ಇದೆ ಎಂದು ಗೊತ್ತಿರಬೇಕು, ಅವರಲ್ಲಿ 80% ಜನರಿಗೆ ಔಷಧಿ ಸಿಗಬೇಕು, ಔಷಧಿ ತಗೊಳ್ಳುವವರಲ್ಲಿ 70% ಜನರಿಗೆ ಫಿಟ್ಸ್ ಹತೋಟಿಗೆ ಬರಬೇಕು. ಕೊನೆಯ ಸಂಖ್ಯೆಯ ಹತ್ತಿರಕ್ಕೆ ಯಳಂದೂರು ಎರಡು ಹಳೆಯ ಮಾತ್ರೆಗಳಲ್ಲೇ ಬಂದಿತ್ತು. ಈಗ ಕೋಲಾರದ ಹಳ್ಳಿಯ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಹೆಸರು ಬಂದವರಿಗೆ ಮುಂದಿನ ತಿಂಗಳೂ ಅದರ ಮುಂದಿನ ತಿಂಗಳೂ ಮಾತ್ರೆ ತಪ್ಪದೆ ಸಿಗಬೇಕು.